ಸೋಮವಾರದ ರಜೆ, ಕಾಲ್ವ್‌ನ ಸೇತುವೆ: ಜರ್ಮನಿಗೆ ಸೇವೆಗೆ ಹೊರಟವರು ಊರು ನೋಡಬಹುದೇ?

ಪ್ರಶ್ನೆ: ನಾನು ಧಾರವಾಡ ಕಡೆಯ ಸಭಾಪಾಲಕ. ಹೆಂಡತಿ ನರ್ಸ್. ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಸಭೆಯೊಂದರಲ್ಲಿ ಮೂರು ವರ್ಷ ಸೇವೆ ಮಾಡಲು ನಮಗೆ ಕರೆ ಬಂದಿದೆ, ಸೆಪ್ಟೆಂಬರಿನಲ್ಲಿ ಹೊರಡಬೇಕು. ಮಗಳು ಪಿಯುಸಿ ಓದುತ್ತಿದ್ದಾಳೆ, ಅಜ್ಜಿಯ ಮನೆಯಲ್ಲಿ ಉಳಿಯುತ್ತಾಳೆ. ಅಲ್ಲಿ ವಾರಕ್ಕೊಂದು ದಿನ ರಜೆಯಂತೆ. ಆ ದಿನ ಸುತ್ತಮುತ್ತಲ ಊರು ನೋಡಲು ಹೋಗುವುದು ಸರಿಯೇ? ಇಲ್ಲಿಯ ಬಡವರು ಕಾಣಿಕೆ ಹಾಕಿ, ಪ್ರಾರ್ಥನೆ ಮಾಡಿ ಕಳಿಸುತ್ತಿದ್ದಾರೆ. ‘ದೇವರ ಸೇವೆಗೆ ಹೋದವರು ಟೂರ್ ಹೊಡೆಯುತ್ತಿದ್ದಾರೆ’ ಎಂಬ ಮಾತು ಬಂದರೆ ಏನು ಮಾಡುವುದು? ಹೋಗುವುದಾದರೆ ಎಲ್ಲಿಗೆ, ಎಷ್ಟು ಖರ್ಚಿನಲ್ಲಿ?

ಉತ್ತರ: ಅಯ್ಯನವರೇ, ನಿಮ್ಮ ಪತ್ರ ಓದುತ್ತಿದ್ದಂತೆ ನಮ್ಮ ಮೊದಲ ಚಳಿಗಾಲ ಕಣ್ಣ ಮುಂದೆ ಬಂತು. ನಾನೂ ನನ್ನ ಮನೆಯವರೂ ಸ್ಟುಟ್‌ಗಾರ್ಟ್ ಸುತ್ತಲಿನ ಅದೇ ವ್ಯುರ್ಟೆಂಬೆರ್ಗ್ ಸೀಮೆಯಲ್ಲಿ ಆರು ವರ್ಷ ಸೇವೆ ಮಾಡಿದವರು. ಮೊದಲ ಐದು ತಿಂಗಳು ರಜೆಯ ದಿನವೂ ಮನೆಯಲ್ಲೇ ಕೂತೆವು. ಕಾರಣ ನಿಮ್ಮದೇ: ಊರಿನವರು ಏನೆಂದುಕೊಂಡಾರು ಎಂಬ ಅಳುಕು. ಅದರಿಂದ ಉಳಿದದ್ದು ಒಂದಿಷ್ಟು ದುಡ್ಡು, ಅಷ್ಟೇ. ಭಾಷೆ ಬಾಯಿಗೆ ಬರಲಿಲ್ಲ, ಜನ ಹತ್ತಿರವಾಗಲಿಲ್ಲ. ಆರಾಧನೆ ಮುಗಿದ ಮೇಲೆ ಯಾರಾದರೂ ‘ನಮ್ಮದು ಆಲ್ಬ್ ಕಡೆ’ ಎಂದರೆ ಅದು ಬೆಟ್ಟವೋ ಹೊಳೆಯೋ ತಿಳಿಯದೆ ಸುಮ್ಮನೆ ತಲೆಯಾಡಿಸುತ್ತಿದ್ದೆ (ಅದು ಬೆಟ್ಟದ ಸಾಲು). ನಮ್ಮೂರಿಗೆ ಬಂದ ಒಬ್ಬ ಪರದೇಶಿ ಅಯ್ಯನವರು ‘ಮಲೆನಾಡು ಅಂದರೇನು’ ಎಂದು ಒಮ್ಮೆಯೂ ಕೇಳದೆ ಐದು ತಿಂಗಳು ಪ್ರಸಂಗ ಮಾಡಿದರೆ ನಮಗೆ ಹೇಗನ್ನಿಸುತ್ತದೆ? ಅಲ್ಲಿಯವರಿಗೂ ಹಾಗೇ ಅನ್ನಿಸಿತ್ತು.

ಹಾಗಾಗಿ ಮೊದಲ ಪ್ರಶ್ನೆಗೆ ನೇರ ಉತ್ತರ: ಹೋಗಿ. ಅಳುಕದೆ ಹೋಗಿ. ದಿನದ ಮಟ್ಟಿಗೆ ಹೋಗಿಬರುವ ತಿರುಗಾಟಕ್ಕೆ ಜರ್ಮನ್ನರು ‘ಔಸ್‌ಫ್ಲೂಗ್’ ಅನ್ನುತ್ತಾರೆ. ಬಿಡಿಸಿದರೆ ‘ಹೊರಗೆ ಹಾರುವುದು’ ಎಂದರ್ಥ. ಅಲ್ಲಿಯ ಸಭೆಗಳೇ ವರ್ಷಕ್ಕೊಮ್ಮೆಯಾದರೂ ಬಸ್ಸು ಮಾಡಿಕೊಂಡು ಔಸ್‌ಫ್ಲೂಗ್ ಹೊರಡುತ್ತವೆ. ಅದಕ್ಕೆ ತಪ್ಪಿಸಿಕೊಳ್ಳಬೇಡಿ. ಬಸ್ಸಿನಲ್ಲಿ ಪಕ್ಕ ಕೂತವರು ಹೇಳುವ ಮನೆಯ ವಿಚಾರ ದೇವಾಲಯದ ಬಾಗಿಲಲ್ಲಿ ಕೈಕುಲುಕುವಾಗ ಬರುವುದಿಲ್ಲ.

ಆದರೆ ನಿಮಗೆ ಮುಖ್ಯವಾಗಿ ಹೇಳಬೇಕಾದ ಮಾತು ಬೇರೆ. ಕರ್ನಾಟಕದಿಂದ ವ್ಯುರ್ಟೆಂಬೆರ್ಗ್‌ಗೆ ಹೋದವರಿಗೆ ಆ ನೆಲ ಪೂರ್ತಿ ಪರಕೀಯವಲ್ಲ. ನಿಮ್ಮ ಧಾರವಾಡದ ಕಿಟೆಲ್ ಕಾಲೇಜಿಗೆ ಹೆಸರು ಕೊಟ್ಟವರು ಕೊನೆಯುಸಿರೆಳೆದ ಊರು, ಕನ್ನಡದ ಮೊದಲ ಪತ್ರಿಕೆ ಹೊರಡಿಸಿದವರು ಹುಟ್ಟಿದ ಊರು, ಮಂಗಳೂರಿನ ಹುಡುಗನೊಬ್ಬ ಪಾದ್ರಿ ದೀಕ್ಷೆ ಪಡೆದ ಊರು, ಇವೆಲ್ಲ ಸ್ಟುಟ್‌ಗಾರ್ಟ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ದೂರದಲ್ಲಿವೆ. ಅಲ್ಲಿಯ ಬಹುಪಾಲು ಜನರಿಗೆ ಇದು ಗೊತ್ತಿಲ್ಲ, ನಮ್ಮವರಿಗೂ ಗೊತ್ತಿಲ್ಲ. ಎರಡೂ ಕಡೆಯವರಿಗೆ ಅದನ್ನು ನೆನಪಿಸಬಲ್ಲವರು ನೀವು. ಆ ಕೆಲಸ ಕೋಣೆಯಲ್ಲಿ ಕೂತು ಆಗುವುದಿಲ್ಲ.

ಊರುಗಳಿಗೆ ಬರುವ ಮುನ್ನ ಒಂದು ತೊಡಕಿನ ವಿಷಯ ಹೇಳಿಬಿಡುತ್ತೇನೆ. ಅಲ್ಲಿ ಪಾದ್ರಿಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಬಹುತೇಕ ವಸ್ತುಸಂಗ್ರಹಾಲಯಗಳಿಗೂ ಸೋಮವಾರವೇ ರಜೆ! ಸಣ್ಣ ಊರುಗಳಲ್ಲಿ ಎಷ್ಟೋ ಹೋಟೆಲುಗಳು ಅಂದೇ ಮುಚ್ಚಿರುತ್ತವೆ. ಮಾರ್ಚ್ ತಿಂಗಳ ಒಂದು ಸೋಮವಾರ ನಾವು ಎರಡು ಗಂಟೆ ರೈಲಿನಲ್ಲಿ ಹೋಗಿ, ಜಡಿಮಳೆಯಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತೆವು. ಎದುರಿನ ಬೇಕರಿಯೂ ಮುಚ್ಚಿತ್ತು. ಅಂದಿನಿಂದ ಒಂದು ರೂಢಿ ಮಾಡಿಕೊಂಡೆವು. ಸೋಮವಾರ ಬೀಗವಿಲ್ಲದ ಜಾಗಗಳಿಗೆ ಹೋಗುವುದು: ಹಳೆಯ ಪೇಟೆ, ಸೇತುವೆ, ಮಠದ ಪಾಳು, ಕಾಡಿನ ಕಾಲುದಾರಿ, ಸ್ಮಶಾನ. ಒಳಗೆ ಹೋಗಿ ನೋಡಲೇಬೇಕಾದ ಜಾಗವಿದ್ದರೆ ಜೊತೆಯ ಪಾದ್ರಿಗಳ ಹತ್ತಿರ ಮಾತಾಡಿ ಆ ವಾರ ರಜೆಯ ದಿನ ಬದಲಿಸಿಕೊಳ್ಳುವುದು. ಕೇಳಿದರೆ ಒಪ್ಪುತ್ತಾರೆ. ಹೇಳದೆ ಹೋದರೆ ಮಾತ್ರ ಬೇಸರ ಮಾಡಿಕೊಳ್ಳುತ್ತಾರೆ. ನೀವು ಇಲ್ಲದ ದಿನ ಯಾರಾದರೂ ತೀರಿಕೊಂಡರೆ ಫೋನ್ ಯಾರಿಗೆ ಹೋಗಬೇಕು ಎಂಬುದು ಅವರ ವ್ಯವಸ್ಥೆಯಲ್ಲಿ ಬರೆದಿಟ್ಟ ಸಂಗತಿ.

ಬುತ್ತಿ ಕಟ್ಟಿಕೊಂಡೇ ಹೋಗಿ. ಅಮ್ಮನವರಿಗೆ, ಅಂದರೆ ನಿಮ್ಮ ಹೆಂಡತಿಗೆ, ಹೇಳಿ, ಚಪಾತಿ ಪಲ್ಯಕ್ಕಿಂತ ಚಿತ್ರಾನ್ನ ಒಳ್ಳೆಯದು. ಚಳಿಗೆ ಚಪಾತಿ ಬಿರುಸಾಗುತ್ತದೆ. ರೊಟ್ಟಿಯಾದರೆ ಇನ್ನೂ ಒಳ್ಳೆಯದು. ಶೇಂಗಾ ಚಟ್ನಿಪುಡಿ ಊರಿನಿಂದಲೇ ಒಯ್ಯಿರಿ.

ಈಗ ಊರುಗಳು. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕಾಲ್ವ್. ಅಲ್ಲಿಯವರ ಬಾಯಲ್ಲಿ ಅದು ‘ಕಾಲ್ಫ್’. ಕಪ್ಪು ಅರಣ್ಯದ ಅಂಚಿನಲ್ಲಿ, ನಾಗೋಲ್ಡ್ ಎಂಬ ಸಣ್ಣ ಹೊಳೆಯ ದಂಡೆಯ ಊರು. ಪ್ರಪಂಚಕ್ಕೆ ಗೊತ್ತಿರುವುದು 1946ರಲ್ಲಿ ನೊಬೆಲ್ ಪಡೆದ ಸಾಹಿತಿ ಹೆರ್ಮನ್ ಹೆಸ್ಸೆ 1877ರಲ್ಲಿ ಅಲ್ಲಿ ಹುಟ್ಟಿದರು ಎಂದು. ನಮಗೆ ಬೇಕಾದದ್ದು ಅವರ ಅಪ್ಪ, ಅಮ್ಮ, ಅಜ್ಜನ ಕಥೆ. ಅಪ್ಪ ಯೋಹಾನೆಸ್ ಹೆಸ್ಸೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನಿನಿಂದ 1869ರಲ್ಲಿ ನಮ್ಮ ಕರಾವಳಿಗೆ ಬಂದು ಮಂಗಳೂರಿನಲ್ಲಿ ಕೆಲಸ ಮಾಡಿ, ಆರೋಗ್ಯ ಕೆಟ್ಟು ನಾಲ್ಕು ವರ್ಷಕ್ಕೆ ಮರಳಿದವರು. ಅಜ್ಜ ಹೆರ್ಮನ್ ಗುಂಡರ್ಟ್, ತಲಶ್ಶೇರಿಯಲ್ಲಿ ಕೂತು ಮಲಯಾಳಕ್ಕೆ ವ್ಯಾಕರಣ ಬರೆದು, 1872ರಲ್ಲಿ ನಿಘಂಟು ಕೊಟ್ಟವರು; ತಾಯ್ನಾಡಿಗೆ ಮರಳಿದ ಮೇಲೆ ಕಾಲ್ವ್‌ನಲ್ಲಿ ನೆಲೆಸಿ, 1893ರಲ್ಲಿ ಅಲ್ಲೇ ತೀರಿಕೊಂಡರು. ಅಮ್ಮ ಮಾರಿ ಹುಟ್ಟಿದ್ದೇ ತಲಶ್ಶೇರಿಯಲ್ಲಿ, 1842ರಲ್ಲಿ.

ಈ ಮಾರಿಯ ವಿಷಯ ಅಮ್ಮನವರಿಗೆ ಓದಿ ಹೇಳಿ. ಗುಂಡರ್ಟ್ ದಂಪತಿ ಒಮ್ಮೆ ಯೂರೋಪಿಗೆ ಹೋಗಿ ಮತ್ತೆ ಭಾರತಕ್ಕೆ ಹೊರಟಾಗ ಈ ಪುಟ್ಟ ಹುಡುಗಿಯನ್ನು ಅಲ್ಲೇ ಬಿಟ್ಟು ಬಂದರು. ಅವಳು ಮತ್ತೆ ತಾಯಿತಂದೆಯ ಬಳಿಗೆ ಬಂದದ್ದು 1857ರಲ್ಲಿ, ಹದಿನೈದರ ಪ್ರಾಯದಲ್ಲಿ. ಮಿಶನರಿಗಳ ಮಕ್ಕಳನ್ನು ಸಾಕುವುದಕ್ಕೆಂದೇ ಬಾಸೆಲ್‌ನಲ್ಲಿ 1853ರಲ್ಲಿ ಒಂದು ಮಕ್ಕಳ ಮನೆ ತೆರೆದಿದ್ದರು. ನಮ್ಮ ಊರುಗಳಲ್ಲಿ ಶಾಲೆ ಕಟ್ಟಿದ ಎಷ್ಟೋ ತಾಯಂದಿರು ತಮ್ಮ ಸ್ವಂತ ಮಕ್ಕಳನ್ನು ಹತ್ತು ಹನ್ನೆರಡು ವರ್ಷ ಕಣ್ಣಿಂದ ನೋಡಲಿಲ್ಲ. ಕಾಗದ ಹೋಗಿ ಬರಲು ತಿಂಗಳುಗಳು ಹಿಡಿಯುತ್ತಿದ್ದವು. ನಿಮಗೆ ದಿನವೂ ವಿಡಿಯೋ ಕಾಲ್ ಇದೆ, ನಿಜ. ಆದರೂ ಮಗಳನ್ನು ಬಿಟ್ಟು ಹೋಗುವ ಸಂಕಟ ಸಣ್ಣದಲ್ಲ. ಆ ಸಂಕಟ ಅರಿತವರು ನೋಡುವ ಕಾಲ್ವ್ ಬೇರೆಯೇ ಊರು. ಪೇಟೆಚೌಕದಲ್ಲಿ ಹೆಸ್ಸೆ ಹುಟ್ಟಿದ ಮನೆಯ ಮುಂದೆ ಪ್ರವಾಸಿಗಳು ಫೋಟೋ ತೆಗೆಯುತ್ತಿದ್ದರೆ, ನನ್ನ ಮನೆಯವರು ‘ಇವರ ತಾಯಿ ನಮ್ಮ ಕಡೆ ಹುಟ್ಟಿದ ಹುಡುಗಿ’ ಎಂದಷ್ಟೇ ಹೇಳಿ ಬಹಳ ಹೊತ್ತು ಸುಮ್ಮನೆ ನಿಂತಿದ್ದರು.

ನಮ್ಮನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದವರು ನಮ್ಮ ಸಭೆಯ ಒಬ್ಬ ಅಜ್ಜಿ, ಎಂಬತ್ತು ದಾಟಿದವರು. ಆ ಊರಿನಲ್ಲಿ ನಿಕೊಲಾಸ್ ಸೇತುವೆ ಅಂತ ಒಂದಿದೆ. ಕೆಂಪು ಮರಳುಗಲ್ಲಿನದು, ಮಧ್ಯಕಾಲದ್ದು, ಸೇತುವೆಯ ಮೇಲೇ ಒಂದು ಪುಟಾಣಿ ಪ್ರಾರ್ಥನಾ ಮಂದಿರ. ಈಗ ಹೆಸ್ಸೆಯವರ ಕಂಚಿನ ಪ್ರತಿಮೆಯೂ ಅಲ್ಲಿ ನಿಂತಿದೆ. ಆ ಸೇತುವೆಯ ಕಟ್ಟೆಗೆ ಒರಗಿ ಬುತ್ತಿ ಬಿಚ್ಚಿದೆವು. ಅಜ್ಜಿ ತಂದದ್ದು ಗಟ್ಟಿ ಕಂದು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಾಗದದ ಚೂರಿನಲ್ಲಿ ಮಡಿಸಿದ ಉಪ್ಪು. ನಮ್ಮ ಚಿತ್ರಾನ್ನದ ಸಾಸಿವೆ ಕಾಳನ್ನು ಒಂದೊಂದಾಗಿ ಹೆಕ್ಕಿ ನೋಡಿ, ಆಮೇಲೆ ಎಲ್ಲವನ್ನೂ ತಿಂದರು. ತಿನ್ನುತ್ತಾ ತಮ್ಮ ಅಜ್ಜಿಯ ಮಾತು ತೆಗೆದರು. ಅವರ ಅಜ್ಜಿ ‘ಅರ್ಧ ಬಾಟ್ಸೆನ್’ ಎತ್ತುತ್ತಿದ್ದರಂತೆ. ಬಾಟ್ಸೆನ್ ಅಂದರೆ ಹಳೆಯ ಚಿಲ್ಲರೆ ನಾಣ್ಯ. ಬಾಸೆಲ್ ಮಿಶನಿನ ಖರ್ಚು ತೂಗಿಸಲು 1855ರಲ್ಲಿ ಶುರುವಾದ ಪದ್ಧತಿ: ವಾರಕ್ಕೊಮ್ಮೆ ಮನೆಮನೆಗೆ ಹೋಗಿ ಅರ್ಧ ಬಾಟ್ಸೆನ್ ಕಾಣಿಕೆ ಎತ್ತುವುದು. ಕೊಡುತ್ತಿದ್ದವರು ಹೊಲದ ಆಳುಗಳು, ನೇಕಾರರು, ಮನೆಗೆಲಸದ ಹೆಂಗಸರು. ಅಜ್ಜಿಯ ಮನೆಯಲ್ಲಿ ಆ ಲೆಕ್ಕದ ಪುಸ್ತಕ ಬಹಳ ಕಾಲ ಇತ್ತಂತೆ. ಹೆಸರಿನ ಮುಂದೆ ಗೀಟು, ಕೊಡಲಾಗದ ವಾರ ಸೊನ್ನೆ.

ನಮ್ಮ ಮನೆಯವರು ತಕ್ಷಣ ಹಿಡಿಯಕ್ಕಿಯ ವಿಷಯ ಹೇಳಿದರು. ಅನ್ನಕ್ಕೆ ಇಡುವ ಮುನ್ನ ಒಂದು ಹಿಡಿ ಅಕ್ಕಿ ಡಬ್ಬಿಗೆ ಹಾಕಿ ಭಾನುವಾರ ಸಭೆಗೆ ತರುವ ನಮ್ಮ ಹೆಂಗಸರ ಪದ್ಧತಿ. ಹರಕು ಜರ್ಮನ್ನಿನಲ್ಲಿ, ಕೈಯಲ್ಲೇ ಹಿಡಿ ಮಾಡಿ ತೋರಿಸಿ ಹೇಳಿದರು. ಅಜ್ಜಿ ಆ ಮುಷ್ಟಿಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಹಾಗೇ ಕೂತರು. ಆ ಸಭೆಯಲ್ಲಿ ನಮ್ಮನ್ನು ‘ಭಾರತದಿಂದ ಬಂದ ಅತಿಥಿಗಳು’ ಎನ್ನುವುದು ನಿಂತದ್ದು ಆ ವಾರದಿಂದ. ಒಂದು ದಿನದ ತಿರುಗಾಟ ಮಾಡಿದ ಕೆಲಸ ಅದು.

ಕಾಲ್ವ್‌ಗೆ ಹೋಗಲು ಎರಡು ದಾರಿ. ಸ್ಟುಟ್‌ಗಾರ್ಟ್‌ನಿಂದ ಎಸ್6 ಲೋಕಲ್ ಹಿಡಿದು ವೈಲ್ ಡೆರ್ ಷ್ಟಾಟ್‌ವರೆಗೆ ಹೋಗಿ ಅಲ್ಲಿಂದ ಮುಂದುವರಿಯುವುದು ಒಂದು. ಫೋರ್ಟ್ಸ್‌ಹೈಮ್ ಮೇಲಿಂದ ನಾಗೋಲ್ಡ್ ಕಣಿವೆಯ ರೈಲಿನಲ್ಲಿ ಬರುವುದು ಇನ್ನೊಂದು. ಹೋಗುವಾಗ ಒಂದು, ಬರುವಾಗ ಇನ್ನೊಂದು ಹಿಡಿಯಿರಿ. ಕಣಿವೆಯ ರೈಲು ಹಿರ್ಸಾವ್ ಎಂಬಲ್ಲಿ ನಿಲ್ಲುತ್ತದೆ. ಅಲ್ಲಿ 1692ರಲ್ಲಿ ಫ್ರೆಂಚ್ ಸೈನಿಕರು ಸುಟ್ಟ ದೊಡ್ಡ ಮಠದ ಪಾಳುಗೋಡೆಗಳಿವೆ. ವೈಲ್ ಡೆರ್ ಷ್ಟಾಟ್ ಖಗೋಳ ವಿಜ್ಞಾನಿ ಕೆಪ್ಲರ್ ಹುಟ್ಟಿದ ಊರು, ಅರ್ಧ ಗಂಟೆ ಕೊಟ್ಟರೆ ಸಾಕು.

ಅದೇ ಎಸ್6 ದಾರಿಯಲ್ಲಿ, ಸ್ಟುಟ್‌ಗಾರ್ಟ್‌ನಿಂದ ಅರ್ಧ ಗಂಟೆಯೊಳಗೆ ಲಿಯೋನ್‌ಬೆರ್ಗ್ ಸಿಗುತ್ತದೆ. ಪ್ರವಾಸಿಗಳು ಇಲ್ಲಿ ಇಳಿಯುವುದು ಕಡಿಮೆ. ನೀವು ಇಳಿಯಬೇಕು. ಮಂಗಳೂರಿನ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆಯೇ ಎದ್ದಿತ್ತು. ಎರಡು ವರ್ಷದ ಮೇಲೆ ಅವರು ಬಾಸೆಲ್‌ಗೆ ಹೋಗಿ ಸೆಮಿನರಿಯಲ್ಲಿ ಓದಿ, 1851ರಲ್ಲಿ ಈ ಲಿಯೋನ್‌ಬೆರ್ಗ್‌ನಲ್ಲಿ ಪಾದ್ರಿ ದೀಕ್ಷೆ ಪಡೆದು ಊರಿಗೆ ಮರಳಿದರು. ನಿಮಗಿಂತ ಎಷ್ಟೋ ಮೊದಲು ಕರಾವಳಿಯ ಬಿಸಿಲಿನಿಂದ ಈ ಚಳಿಗೆ ಬಂದು, ಈ ಭಾಷೆ ಕಲಿತು, ಈ ಜನರ ಮುಂದೆ ನಿಂತ ಕನ್ನಡನಾಡಿನವರು. ಮನೆಯ ನೆನಪು ಅತಿಯಾದಾಗೆಲ್ಲ ನಾನು ಲಿಯೋನ್‌ಬೆರ್ಗ್‌ಗೆ ಹೋಗುತ್ತಿದ್ದೆ. ನೋಡಲು ಒಂದು ಚೌಕ, ಮರದ ಚೌಕಟ್ಟಿನ ಹಳೆಯ ಮನೆಗಳ ಸಾಲು, ಒಂದು ದೇವಾಲಯ. ಅಷ್ಟು ಸಾಕಾಗುತ್ತಿತ್ತು.

ಟ್ಯೂಬಿಂಗೆನ್‌ಗೆ ಎರಡು ಸಲವಾದರೂ ಹೋಗಿ. ಒಂದು ಸಲ ಸುಮ್ಮನೆ ಚಂದಕ್ಕೆ: ನೆಕ್ಕಾರ್ ನದಿ, ದಂಡೆಗೆ ಒತ್ತಿ ನಿಂತ ಬಣ್ಣದ ಮನೆಗಳು, ಉದ್ದ ಗಳು ಊರಿ ನಡೆಸುವ ದೋಣಿಗಳು. ಇನ್ನೊಂದು ಸಲ ಕನ್ನಡದ ಸಲುವಾಗಿ. 1477ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದಲ್ಲೇ ಗುಂಡರ್ಟರೂ ಹೆರ್ಮನ್ ಮೋಗ್ಲಿಂಗರೂ ಓದಿದ್ದು. ಮೋಗ್ಲಿಂಗ್ ಮಂಗಳೂರಿನಿಂದ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದವರು, ದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಅಚ್ಚು ಹಾಕಿಸಿದವರು. 1858ರಲ್ಲಿ ಟ್ಯೂಬಿಂಗೆನ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು ಉತ್ತರದ ಸಮುದ್ರತೀರದ ಸೀಮೆಯಲ್ಲಿ. ಸುಮಾರು 70 ಸಾವಿರ ಪದಗಳ ಅವರ ಕೋಶ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂತು, 1896ರಲ್ಲಿ ಟ್ಯೂಬಿಂಗೆನ್ ಅವರನ್ನೂ ಗೌರವಿಸಿತು. ಅವರ ಕನ್ನಡ ವ್ಯಾಕರಣ ಹೊರಬಂದ ವರ್ಷ 1903. ಅದೇ ಡಿಸೆಂಬರಿನಲ್ಲಿ ಅವರು ಈ ಊರಲ್ಲಿ ತೀರಿಕೊಂಡರು. ಧಾರವಾಡದಿಂದ ಬಂದವರು ಟ್ಯೂಬಿಂಗೆನ್ನಿನ ಏರು ಬೀದಿ ಹತ್ತುವಾಗ, ಎಪ್ಪತ್ತು ದಾಟಿದ ಒಬ್ಬ ಮುದುಕರು ಇದೇ ಚಳಿಯಲ್ಲಿ ಕೇಶಿರಾಜನ ಸೂತ್ರಗಳನ್ನು ಮನಸ್ಸಿನಲ್ಲಿ ಹೊತ್ತು ಕೂತಿದ್ದರು ಎಂಬುದನ್ನು ನೆನೆಯದೆ ಇರಲಾಗುವುದಿಲ್ಲ. ಗುಂಡರ್ಟರ ಹಸ್ತಪ್ರತಿಗಳನ್ನು ಅಲ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯ 2018ರಲ್ಲಿ ಅಂತರ್ಜಾಲಕ್ಕೆ ಹಾಕಿದೆ. ಹೊರಡುವ ಮುನ್ನ ಮನೆಯಲ್ಲೇ ನೋಡಿಕೊಳ್ಳಬಹುದು.

ಮೋಗ್ಲಿಂಗರ ಹಾದಿ ಹಿಡಿಯುವುದಾದರೆ ಇನ್ನೆರಡು ಊರು. ಅವರು 1811ರಲ್ಲಿ ಹುಟ್ಟಿದ ಬ್ರಾಕೆನ್‌ಹೈಮ್ ದ್ರಾಕ್ಷಿ ತೋಟಗಳ ನಡುವಿನ ಸಣ್ಣ ಪಟ್ಟಣ. ಊರಿಗೆ ರೈಲಿಲ್ಲ, ಕೊನೆಗೆ ಬಸ್ಸೇ ಹಿಡಿಯಬೇಕು. ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. ಆ ಹೊತ್ತಿಗೆ ಹೋದರೆ ಬಳ್ಳಿಗಳೂ ಹಸಿರಾಗಿರುತ್ತವೆ. ಅವರು 1881ರಲ್ಲಿ ತೀರಿಕೊಂಡ ಎಸ್‌ಲಿಂಗೆನ್ ಸ್ಟುಟ್‌ಗಾರ್ಟ್‌ನ ಮಗ್ಗುಲಲ್ಲೇ ಇದೆ, ಮಧ್ಯಾಹ್ನದ ಊಟ ಮಾಡಿ ಹೊರಟರೂ ಆದೀತು.

ಮೌಲ್‌ಬ್ರೊನ್ ಮಠ ನೋಡಲೇಬೇಕಾದದ್ದು. ಯುನೆಸ್ಕೊ ಪಟ್ಟಿಗೆ 1993ರಲ್ಲಿ ಸೇರಿದೆ, ಗುಂಡರ್ಟ್ ಹುಡುಗನಾಗಿ ಓದಿದ್ದು ಅಲ್ಲಿಯ ಸೆಮಿನರಿಯಲ್ಲಿ. ಮೊಮ್ಮಗ ಹೆಸ್ಸೆಯನ್ನೂ ಅಲ್ಲಿಗೇ ಸೇರಿಸಿದರು, ಹುಡುಗ 1892ರಲ್ಲಿ ಓಡಿಹೋದ. ಉಲ್ಮ್‌ನ ದೇವಾಲಯದ ಗೋಪುರ 161 ಮೀಟರಿಗೂ ಹೆಚ್ಚು, 768 ಮೆಟ್ಟಿಲು. ಮೊಣಕಾಲು ಗಟ್ಟಿಯಿದ್ದರೆ ಹತ್ತಿ.

ಬಾಸೆಲ್ ಮಾತ್ರ ಒಂದು ದಿನದ ಊರಲ್ಲ. ಪ್ರಾದೇಶಿಕ ರೈಲುಗಳಲ್ಲಿ ಹೋದರೆ ಒಂದು ಕಡೆಗೇ ನಾಲ್ಕು ಗಂಟೆಯ ಮೇಲೆ ಹಿಡಿಯುತ್ತದೆ. ಒಂದು ರಾತ್ರಿ ಉಳಿಯಿರಿ. ಅಲ್ಲಿ ವಸತಿಗೃಹದಲ್ಲಿ ತಂಗಿದವರಿಗೆ ಟ್ರಾಮ್ ಬಸ್ಸುಗಳು ಉಚಿತ, ಅದಕ್ಕೊಂದು ಕಾರ್ಡ್ ಕೊಡುತ್ತಾರೆ. ಷ್ಪಾಲೆನ್ ಎಂಬ ಹಳೆಯ ಕೋಟೆಬಾಗಿಲು ದಾಟಿದರೆ ಶುರುವಾಗುವ ಬೀದಿಯ ಹೆಸರೇ ಮಿಶನ್ ಬೀದಿ. ಅದರ 21ನೆಯ ನಂಬರಿನ ದೊಡ್ಡ ಕಟ್ಟಡ 1860ರಲ್ಲಿ ಕಟ್ಟಿದ ಮಿಶನ್ ಮನೆ. 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ನಮ್ಮ ಕರಾವಳಿಗೆ ಕಳಿಸಿತು. ಆ ಸಂಸ್ಥೆಯ ಇಂದಿನ ರೂಪ ಮಿಶನ್ 21. ಅದರ ಆರ್ಕೈವ್ಸ್ ಇರುವುದು ಇಲ್ಲೇ. ಕಾಗದಪತ್ರ, ನಕ್ಷೆ, ಮತ್ತು ಮಂಗಳೂರು, ಧಾರವಾಡ, ಕೊಡಗಿನ ಹಳೆಯ ಫೋಟೋಗಳು. ನೋಡಬೇಕಾದರೆ ವಾರಗಳ ಮೊದಲೇ ಇ-ಮೇಲ್ ಬರೆದು, ಯಾವ ಊರು, ಯಾವ ಕಾಲದ್ದು ಬೇಕು ಎಂದು ತಿಳಿಸಿ ದಿನ ಗೊತ್ತುಮಾಡಿಕೊಳ್ಳಿ. ಸುಮ್ಮನೆ ಹೋಗಿ ಬಾಗಿಲು ತಟ್ಟಬೇಡಿ.

ನನಗೆ ತೋರಿಸಿದ ಫೋಟೋಗಳಲ್ಲಿ ಒಂದರಲ್ಲಿ ಹಂಚಿನ ಕಾರ್ಖಾನೆಯ ಕೆಲಸದವರು ಸಾಲಾಗಿ ನಿಂತಿದ್ದರು. ಮುಂಡು, ಬರಿಗಾಲು, ಕ್ಯಾಮೆರಾ ಕಂಡು ಬಿಗಿದ ಮುಖ. ನಡುವೆ ಟೋಪಿ ಹಾಕಿದ ಒಬ್ಬ ಯೂರೋಪಿನವರು. ಕೆಳಗೆ ಬರೆದದ್ದು ಅವರೊಬ್ಬರ ಹೆಸರು. ಉಳಿದವರ ಹೆಸರಿಲ್ಲ. ನಾನು ಆ ಸಾಲನ್ನು ಒಬ್ಬೊಬ್ಬರಾಗಿ ನೋಡಿದೆ. ನಮ್ಮ ಸಭೆಯ ಯಾರದೋ ಮುತ್ತಾತ ಇದರಲ್ಲಿ ಇದ್ದೇ ಇರುತ್ತಾರೆ ಎಂದು ಮನಸ್ಸು ಹೇಳುತ್ತಿತ್ತು.

ಆ ಕಾರಣಕ್ಕೇ ಒಂದು ಎಚ್ಚರಿಕೆ. ಈ ಊರುಗಳಿಗೆ ಪೂಜೆಯ ಮನಸ್ಸಿನಿಂದ ಹೋಗಬೇಡಿ, ಸಿಟ್ಟಿನಿಂದಲೂ ಬೇಡ. ‘ನಮ್ಮ ಹಿರಿಯರು ನಿಮ್ಮ ದೇಶದಲ್ಲಿ ತಪ್ಪು ಮಾಡಿದರೇ?’ ಎಂದು ಅಲ್ಲಿಯ ಯುವಕರು ನೇರವಾಗಿ ಕೇಳುತ್ತಾರೆ. ಕಾಫಿ ಕೇಕ್ ಮುಂದಿಟ್ಟುಕೊಂಡೇ ಕೇಳುತ್ತಾರೆ. ಶಾಲೆ, ಅಚ್ಚುಕೂಟ, 1865ರಲ್ಲಿ ಶುರುವಾದ ಹಂಚಿನ ಕೆಲಸ, ನಿಘಂಟು, ಇವನ್ನು ಹೇಳಿ. ನಮ್ಮ ದೇವರು ಆಚಾರಗಳ ಬಗ್ಗೆ ಅವರು ಬರೆದ ಕಟುಮಾತನ್ನೂ, ಮತಾಂತರವಾದವರು ಮನೆಯಿಂದ ಹೊರಬಿದ್ದು ಮಿಶನಿನ ಕೂಲಿಯನ್ನೇ ನಂಬಿ ಬದುಕಬೇಕಾದದ್ದನ್ನೂ ಹೇಳಿ. ಎರಡೂ ನಮ್ಮ ಚರಿತ್ರೆ. ಒಂದನ್ನು ನುಂಗಿ ಇನ್ನೊಂದನ್ನು ಹೇಳಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಈಗ ದುಡ್ಡು. ‘ಡಾಯಿಚ್‌ಲಾಂಡ್ ಟಿಕೆಟ್’ ಎಂಬ ತಿಂಗಳ ಪಾಸಿನಲ್ಲಿ ದೇಶದ ಎಲ್ಲ ಪ್ರಾದೇಶಿಕ ರೈಲು, ಲೋಕಲ್, ಟ್ರಾಮ್, ಬಸ್ಸಿನಲ್ಲಿ ಓಡಾಡಬಹುದು. ದೂರದ ವೇಗದ ರೈಲುಗಳಿಗೆ ನಡೆಯುವುದಿಲ್ಲ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಇದು ತಾನಾಗಿ ಮುಂದುವರಿಯುವ ಚಂದಾ, ಬೇಡವಾದರೆ ಆ ತಿಂಗಳ 10ನೆಯ ತಾರೀಕಿನೊಳಗೆ ನಿಲ್ಲಿಸಬೇಕು. ಸಭೆಯ ಕೆಲಸಕ್ಕೆ ಓಡಾಡಲು ನಿಮಗೆ ಹೇಗೂ ಪಾಸು ಬೇಕಾಗುತ್ತದೆ. ಅದೇ ಪಾಸಿನಲ್ಲಿ ಲಿಯೋನ್‌ಬೆರ್ಗ್, ಕಾಲ್ವ್, ಟ್ಯೂಬಿಂಗೆನ್, ಉಲ್ಮ್ ಎಲ್ಲ ಮುಗಿಯುತ್ತದೆ, ಬಾಸೆಲ್‌ನ ಜರ್ಮನ್ ನಿಲ್ದಾಣದವರೆಗೂ ನಡೆಯುತ್ತದೆ. ಅಪರೂಪಕ್ಕೆ ಓಡಾಡುವವರಾದರೆ ಇಬ್ಬರು, ಮೂವರು ಸೇರಿ ಬಾಡೆನ್-ವ್ಯುರ್ಟೆಂಬೆರ್ಗ್ ದಿನದ ಟಿಕೆಟ್ ತೆಗೆದರೆ ಅಗ್ಗ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ಅದು ಚಾಲ್ತಿ. ಸ್ಟುಟ್‌ಗಾರ್ಟ್ ನಿಲ್ದಾಣದ ಕಾಮಗಾರಿಯಿಂದ ರೈಲುಗಳು ಆಗಾಗ ಬದಲಾಗುತ್ತವೆ, ಹೊರಡುವ ಬೆಳಿಗ್ಗೆ ಆ್ಯಪ್ ನೋಡದೆ ಚಪ್ಪಲಿ ಮೆಟ್ಟಬೇಡಿ.

ಗಡಿ ದಾಟುವಾಗ ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್ ಎರಡೂ ಕೈಯಲ್ಲಿರಲಿ. ಅವೆರಡಿದ್ದರೆ ಸ್ವಿಟ್ಜರ್ಲೆಂಡ್, ಫ್ರಾನ್ಸ್ ಮುಂತಾದ ಷೆಂಗೆನ್ ದೇಶಗಳಿಗೆ ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಹೋಗಿಬರಬಹುದು. ಆದರೆ ನಿಮ್ಮ ಪ್ರವೇಶ ವೀಸಾ ಮುಗಿದು, ಕಾರ್ಡ್ ಇನ್ನೂ ಬಂದಿಲ್ಲದೆ, ಕಚೇರಿಯವರು ಕೊಟ್ಟ ತಾತ್ಕಾಲಿಕ ಪತ್ರ ಮಾತ್ರ ಇರುವ ದಿನಗಳಲ್ಲಿ ಬಾಸೆಲ್ ಕಡೆ ತಲೆ ಹಾಕಬೇಡಿ. ಆ ಪತ್ರಗಳಲ್ಲಿ ಎಲ್ಲವೂ ಒಂದೇ ಬಗೆಯವಲ್ಲ, ಕೆಲವನ್ನು ಹಿಡಿದು ಹೊರಗೆ ಹೋದರೆ ಮರಳಿ ಬರುವುದು ಕಷ್ಟ. ಕೊಟ್ಟವರನ್ನೇ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.

ಇನ್ನು ನಿಮ್ಮ ಅಳುಕಿನ ವಿಷಯ, ‘ಟೂರ್ ಹೊಡೆಯುತ್ತಿದ್ದಾರೆ’ ಎಂಬ ಮಾತು. ನನಗೆ ಆ ಮಾತು ಬಂದಿತ್ತು. ಎರಡನೆಯ ಬೇಸಿಗೆಯಲ್ಲಿ ಕೊನ್‌ಸ್ಟಾನ್ಸ್ ಸರೋವರದ ದೋಣಿಯಲ್ಲಿ ತೆಗೆದ ಫೋಟೋ ಒಂದನ್ನು ಊರಿನ ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಂದಕ್ಷರ ಬರೆಯದೆ, ಬರಿಯ ಫೋಟೋ. ರಾತ್ರಿ ಊರಿನ ಒಬ್ಬ ಅಕ್ಕ, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು, ಧ್ವನಿ ಸಂದೇಶ ಕಳಿಸಿದ್ದರು: ‘ಅಯ್ಯನೋರೆ, ನೀವು ಚೆನ್ನಾಗಿರೋದು ಕಂಡು ಸಂತೋಷ. ಆದ್ರೆ ನಮ್ಮ ಹಿಡಿಯಕ್ಕಿ ದೋಣಿಗೆ ಹೋಯ್ತಾ ಅಂತ ಮಗ ಕೇಳ್ತಾನೆ, ಏನ್ ಹೇಳ್ಲಿ?’

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮರುದಿನ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ: ಅದು ನನ್ನ ಸಂಬಳದ ದುಡ್ಡು, ಇಷ್ಟು ಯೂರೊ, ವಾರದ ರಜೆಯ ದಿನ, ಜೊತೆಗಿದ್ದವರು ಇಂಥ ಮನೆಯವರು, ಅವರ ಮನೆಯಲ್ಲಿ ಆ ತಿಂಗಳು ಒಂದು ಸಾವಾಗಿತ್ತು, ಅವರೇ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಅಕ್ಕ ಕೇಳಿಸಿಕೊಂಡು, ‘ಇದನ್ನ ಬರೆದಿದ್ರೆ ಅವ್ರಿಗೂ ಪ್ರಾರ್ಥನೆ ಮಾಡ್ತಿದ್ವಲ್ಲ’ ಎಂದರು. ಆಮೇಲೆ ಬರಿಯ ಫೋಟೋ ಕಳಿಸುವುದನ್ನು ಬಿಟ್ಟೆ. ಎಲ್ಲಿಗೆ ಹೋದರೂ ಒಂದು ಪುಟದ ಕಾಗದ ಬರೆಯುತ್ತಿದ್ದೆ: ಯಾರ ಜೊತೆ ಹೋದೆವು, ಅವರ ಮನೆಯ ಸುಖದುಃಖವೇನು, ಆ ಊರಿಗೂ ನಮಗೂ ಏನು ನಂಟು. ಸಂಬಂಧಪಟ್ಟವರನ್ನು ಕೇಳಿಯೇ ಅವರ ವಿಷಯ ಬರೆಯುತ್ತಿದ್ದೆ. ಅಲ್ಲಿಯವರು ಫೋಟೋ, ಹೆಸರಿನ ವಿಷಯದಲ್ಲಿ ಬಹಳ ಜೋಪಾನ. ಅರ್ಧ ಬಾಟ್ಸೆನ್ ಕಾಗದವನ್ನು ಊರಿನ ಸಭೆಯಲ್ಲಿ ಭಾನುವಾರ ಗಟ್ಟಿಯಾಗಿ ಓದಿದರಂತೆ. ಟೀಕೆ ಪೂರ್ತಿ ನಿಲ್ಲಲಿಲ್ಲ, ನಿಮಗೂ ನಿಲ್ಲುವುದಿಲ್ಲ. ಕಾಣಿಕೆಯ ಒಂದು ಪೈಸೆಯೂ ತಿರುಗಾಟಕ್ಕೆ ಹೋಗಿಲ್ಲ ಎಂದು ಲೆಕ್ಕ ತೋರಿಸುವ ಹಾಗಿದ್ದರೆ ಸಾಕು. ಅದಕ್ಕೆ ಬೇರೆ ಖಾತೆಯನ್ನೇ ಇಡಿ.

ಅಮ್ಮನವರ ಮಾತು ನಿಮ್ಮ ಪತ್ರದಲ್ಲಿ ಒಂದೇ ಸಾಲು ಬಂದಿದೆ. ರಜೆಯ ದಿನ ಅವರದೂ ಹೌದು ಎಂಬುದನ್ನು ಮರೆಯಬೇಡಿ. ಅವರು ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಕೆಲಸಕ್ಕೆ ಸೇರಿದರೆ ಪಾಳಿ ಬರುತ್ತದೆ, ನಿಮ್ಮ ಸೋಮವಾರ ಅವರಿಗೆ ಡ್ಯೂಟಿ ಬೀಳಬಹುದು. ತಿಂಗಳಿಗೊಂದು ದಿನವಾದರೂ ಇಬ್ಬರದೂ ಕೂಡಿಬರುವಂತೆ ಮೊದಲೇ ಬರೆದುಕೊಡಿ. ಮತ್ತು ಎಲ್ಲ ಸಲವೂ ಚರಿತ್ರೆ ಬೇಡ. ಒಂದೊಂದು ಸೋಮವಾರ ಕಾಡಿನಲ್ಲಿ ಸುಮ್ಮನೆ ನಡೆದು ಬನ್ನಿ.

ಮಗಳನ್ನು ಒಂದು ಬೇಸಿಗೆಗೆ ಕರೆಸಿಕೊಳ್ಳಿ. ಅವಳ ವೀಸಾಕ್ಕೆ ಮಾರ್ಚ್‌ನಲ್ಲೇ ಕಾಗದಪತ್ರ ಶುರುಮಾಡಿ. ಬಂದಾಗ ಅರಮನೆ, ಗೋಪುರಗಳಿಗಿಂತ ಮೊದಲು ಕಾಲ್ವ್‌ನ ಆ ಸೇತುವೆಗೆ ಕರೆದುಕೊಂಡು ಹೋಗಿ, ಮಾರಿಯ ಕಥೆಯನ್ನು ಅಲ್ಲಿ ನಿಂತು ಹೇಳಿ. ಬುತ್ತಿಗೆ ಚಿತ್ರಾನ್ನ ಇರಲಿ, ಒಬ್ಬರಿಗೆ ಹೆಚ್ಚಾಗುವಷ್ಟು ಕಟ್ಟಿಕೊಳ್ಳಿ. ಸಭೆಯ ಯಾರಾದರೂ ಜೊತೆಗೆ ಬಂದೇ ಬರುತ್ತಾರೆ.